ನಮ್ಮ ಭಾವನ ಎರಡು ‘ಬೇಡ’ಗಳು

ನಮ್ಮ ಭಾವ ಶೇಷಗಿರಿಯವರು ಯಾರ ಮನೆಗೆ ಹೋದರೂ, ಏನು ಕೊಟ್ಟರೂ, ಎರಡು ಸಲ ‘ಬೇಡ’ ಅನ್ನುತ್ತಾರೆ. ಮೂರನೆಯ ಸಲ ತೆಗೆದುಕೊಳ್ಳುತ್ತಾರೆ. ಇದು ಅವರು ಮೈಸೂರಿನ ಲಕ್ಷ್ಮೀಪುರದಲ್ಲಿ ತಮ್ಮ ಸೋದರತ್ತೆಯ ಕೈಲಿ ಕಿವಿ ಹಿಂಡಿಸಿಕೊಂಡು ಕಲಿತ ಪಾಠ. ಮೊದಲನೆಯ ಸಲಕ್ಕೇ ಕೈಚಾಚಿದರೆ ಮನೆಯಲ್ಲಿ ಊಟಕ್ಕೆ ಗತಿಯಿಲ್ಲದವನು ಅಂದುಕೊಳ್ಳುತ್ತಾರಂತೆ. ಮೂರನೆಯ ಸಲವೂ ಬೇಡವೆಂದರೆ ಕೊಬ್ಬು ಅಂದುಕೊಳ್ಳುತ್ತಾರಂತೆ. ಆದ್ದರಿಂದ ಎರಡು ‘ಬೇಡ’, ಆಮೇಲೆ ಒಂದು ‘ಅಯ್ಯೋ, ನೀವು ಇಷ್ಟು ಹೇಳಿದ ಮೇಲೆ...’

ಈ ನಿಯಮವನ್ನು ಹೊತ್ತುಕೊಂಡು ಅವರು ಅಮೆರಿಕಕ್ಕೆ ಬಂದರು. ಕೆಲಸಕ್ಕೆ ಸೇರಿದ ಮೊದಲ ವಾರವೇ ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬ. ಮ್ಯಾನೇಜರ್ ಒಂದು ತಟ್ಟೆಯಲ್ಲಿ ಕೇಕು ಹಿಡಿದು ‘ತಗೊಳ್ತೀಯಾ?’ ಅಂದ. ಭಾವ ನಾಚಿಕೊಂಡು ‘ಬೇಡ’ ಅಂದರು. ಮ್ಯಾನೇಜರ್ ‘ಓಕೆ’ ಅಂದು ಕೇಕನ್ನು ಮುಂದಿನವನಿಗೆ ಕೊಟ್ಟುಬಿಟ್ಟ. ಭಾವ ದಂಗಾಗಿ ಹೋದರು. ಎರಡನೆಯ ಸಲ ಕೇಳದೇ ಇರುವ ಮನುಷ್ಯರೂ ಭೂಮಿಯ ಮೇಲೆ ಇದ್ದಾರೆಂದು ಅವರಿಗೆ ಗೊತ್ತಾದದ್ದು ಆವತ್ತೇ. ಅದಾಗಿ ಇಪ್ಪತ್ತೆರಡು ವರ್ಷ. ಆ ಆಫೀಸಿನಲ್ಲಿ ಅವರಿಗೆ ಒಂದು ತುಂಡು ಕೇಕು ಇನ್ನೂ ಸಿಕ್ಕಿಲ್ಲ, ಅವರೂ ನಿಯಮ ಬಿಟ್ಟಿಲ್ಲ.

ನಾನು ರವಿ, ಅವರ ಹೆಂಡತಿ ಶಾರದಳ ತಮ್ಮ. ಡೌನರ್ಸ್ ಗ್ರೋವ್‌ನಲ್ಲಿ ಅವರ ಮನೆಯಿಂದ ಎರಡು ಬೀದಿ ಆಚೆ ಇದ್ದೇನೆ. ನನ್ನ ಹತ್ತಿರ ಮಿನಿವ್ಯಾನ್ ಇದೆ. ಈ ಕಥೆಯಲ್ಲಿ ನನಗೆ ಪಾತ್ರ ಸಿಕ್ಕಿದ್ದು ಆ ಕಾರಣಕ್ಕೆ ಮಾತ್ರ. ಈ ಕಥೆಯಲ್ಲಿ ಬರುವ ರತ್ನಗಂಬಳಿ ಎಲ್ಲೆಲ್ಲಿಗೆ ಹೋಯಿತೋ ಅಲ್ಲೆಲ್ಲ ಅದರ ಒಂದು ತುದಿ ನನ್ನ ಹೆಗಲ ಮೇಲಿತ್ತು.

ಮಾರ್ಚಿನಲ್ಲಿ ಭಾವನ ಪಕ್ಕದ ಮನೆಗೆ ಇರಾನಿನ ಒಂದು ಸಂಸಾರ ಬಂತು. ಯಜಮಾನ ಬಹ್ಮನ್, ಸೇತುವೆ ಕಟ್ಟಿಸುವ ಎಂಜಿನಿಯರು. ಹೆಂಡತಿ ಮಹ್‌ನಾಝ್. ಮಗಳು ಗೊಲ್ನಾರ್ ಹುಟ್ಟಿದ್ದು ಇಲ್ಲೇ, ಆಸ್ಪತ್ರೆಯಲ್ಲಿ ನರ್ಸು. ಇವರ ಜೊತೆಗೆ ಬಹ್ಮನ್ನನ ತಾಯಿ, ಎಂಬತ್ತೆರಡು ವರ್ಷದ ತೂರಾನ್ ಖಾನುಮ್. ಆಕೆಗೆ ಪಾರಸಿ ಬಿಟ್ಟು ಬೇರೆ ಭಾಷೆ ಬಾರದು. ಅವರೊಂದಿಗೆ ನಮ್ಮ ಮಾತುಕತೆಯೆಲ್ಲ ನಡೆದದ್ದು ಇಂಗ್ಲಿಷಿನಲ್ಲಿ, ಅದನ್ನು ನಾನು ಕನ್ನಡದಲ್ಲೇ ಬರೆಯುತ್ತೇನೆ.

ಒಂದು ಭಾನುವಾರ ಬಹ್ಮನ್ ನಮ್ಮನ್ನು ಚಹಾಕ್ಕೆ ಕರೆದ. ಭಾವ, ಶಾರದಕ್ಕ, ನಾನು ಹೋದೆವು. ಬಾಗಿಲಲ್ಲೇ ಐದು ನಿಮಿಷ ಹಿಡಿಯಿತು, ಏಕೆಂದರೆ ಬಹ್ಮನ್ ‘ನೀವು ಮೊದಲು’ ಅಂದರೆ ಭಾವ ‘ನೀವು ಮೊದಲು’ ಅನ್ನುತ್ತಿದ್ದರು. ಕೊನೆಗೆ ಅಕ್ಕ ಇಬ್ಬರ ನಡುವೆ ನುಗ್ಗಿ ಒಳಗೆ ಹೋದಳು.

ಚಹಾ ಬಂತು. ಭಾವ ಬೇಡ ಅಂದರು. ಬಹ್ಮನ್ ಮತ್ತೆ ಕೇಳಿದ. ಭಾವ ಬೆಚ್ಚಿಬಿದ್ದು ಅವನ ಮುಖ ನೋಡಿದರು. ಎರಡನೆಯ ಸಲ! ಇನ್ನೊಂದು ಬೇಡ ಅಂದರು. ಬಹ್ಮನ್ ಮೂರನೆಯ ಸಲವೂ ಕೇಳಿದ. ಭಾವ ಲೋಟ ತೆಗೆದುಕೊಂಡರು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಸ್ವತಃ ಕಂಡೆ.

"ಈ ಊರಲ್ಲಿ ಎರಡನೇ ಸಲ ಕೇಳೋದು ನೀವೊಬ್ಬರೇ," ಅಂದರು ಭಾವ.

ಬಹ್ಮನ್ ತನ್ನ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. "ನನ್ನ ಕಥೆ ಕೇಳಿ ಸ್ವಾಮಿ. ಇಲ್ಲಿಗೆ ಬಂದ ಹೊಸದರಲ್ಲಿ ಒಬ್ಬ ಸಹೋದ್ಯೋಗಿ ಊಟಕ್ಕೆ ಕರೆದ. ತಟ್ಟೆ ಮುಂದೆ ಹಿಡಿದ. ನಾನು ಮರ್ಯಾದೆಗೆ ಬೇಡ ಅಂದೆ. ತಟ್ಟೆ ಒಳಗೆ ಹೋಯಿತು! ನಾಲ್ಕು ಜನ ನನ್ನ ಕಣ್ಣೆದುರಿಗೇ ಊಟ ಮಾಡಿದರು. ನಾನು ನೀರು ಕುಡಿದುಕೊಂಡು ಹವಾಮಾನದ ಬಗ್ಗೆ ಮಾತಾಡಿದೆ."

ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಪಿಸ್ತಾ, ಸೌತೆಕಾಯಿ, ಮಿಠಾಯಿ ಎಲ್ಲವೂ ಇದೇ ಕ್ರಮದಲ್ಲಿ ಬಂದು ಇದೇ ಕ್ರಮದಲ್ಲಿ ಹೊಟ್ಟೆ ಸೇರಿದವು. ಅಷ್ಟಕ್ಕೇ ಎದ್ದು ಬಂದಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಭಾವ ಕೆಳಗೆ ನೋಡಿದರು.

ಕಾಲಡಿಯಲ್ಲಿ ಒಂದು ರತ್ನಗಂಬಳಿ ಹಾಸಿತ್ತು. ದಾಳಿಂಬೆ ಬಣ್ಣ, ನಡುವೆ ನೀಲಿ ಹೂವು, ಅಂಚಿನಲ್ಲಿ ಹಕ್ಕಿಗಳು. ಭಾವನಿಗೆ ವಸ್ತುಗಳ ಪರಿಚಯ ಸಾಲದಿದ್ದರೂ ಹೊಗಳಿಕೆಗೆ ಬರವಿಲ್ಲ. "ಆಹಾ! ಇಂಥಾದ್ದನ್ನ ನಾನು ಅರಮನೇಲೂ ನೋಡಿಲ್ಲ," ಅಂದರು.

ಬಹ್ಮನ್ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿ, "ಇದು ನಿಮ್ಮದೇ," ಅಂದ.

"ಛೆ ಛೆ, ಬೇಡ."

"ನಿಮ್ಮ ಪಾದಕ್ಕೆ ಇದು ಯೋಗ್ಯವಲ್ಲ. ಆದರೂ ನಿಮ್ಮದೇ."

"ಅಯ್ಯಯ್ಯೋ, ಖಂಡಿತ ಬೇಡ."

"ನನ್ನಾಣೆ ಸ್ವಾಮಿ, ನಿಮ್ಮದೇ."

ನಾನು ಭಾವನ ಮುಖ ನೋಡಿದೆ. ಲಕ್ಷ್ಮೀಪುರದ ಸೋದರತ್ತೆ ಅವರ ಕಿವಿ ಹಿಡಿದು ನಿಂತಿದ್ದಳು. ಅವರು ದೊಡ್ಡ ಉಸಿರೆಳೆದು ಹೇಳಿದರು: "ಅಯ್ಯೋ, ನೀವು ಇಷ್ಟು ಹೇಳಿದ ಮೇಲೆ..."

ಮಹ್‌ನಾಝಳ ಕೈಯ ತಟ್ಟೆ ವಾಲಿ ಪಿಸ್ತಾಗಳು ಉರುಳಿದವು. ಮೂಲೆಯಲ್ಲಿ ಕುಳಿತಿದ್ದ ಅಜ್ಜಿ ಪಾರಸಿಯಲ್ಲಿ ಏನೋ ಕೇಳಿದಳು. ಬಹ್ಮನ್ನನ ಮುಖದಲ್ಲಿದ್ದ ನಗು ಮಾತ್ರ ಹಾಗೇ ಉಳಿದು, ಅದರ ಹಿಂದಿನ ಬಣ್ಣವೆಲ್ಲ ಇಳಿದುಹೋಯಿತು. ಆದರೆ ದೊಡ್ಡ ಮನುಷ್ಯ! ತಾನೇ ಮೊಣಕಾಲೂರಿ ಕುಳಿತು ಗಂಬಳಿ ಸುತ್ತಿದ. ಭಾವ ಒಂದು ತುದಿ ಹಿಡಿದರು, ಇನ್ನೊಂದು ತುದಿ ನನಗೆ ಬಂತು.

ಹುಲ್ಲುಹಾಸು ದಾಟುವ ಮೊದಲೇ ಅಕ್ಕ ಶುರು ಮಾಡಿದಳು. "ನಿಮಗೇನಾದ್ರೂ ಬುದ್ಧಿ ಇದೆಯೇನ್ರೀ? ಚಹಾ ಕುಡಿಯಕ್ಕೆ ಹೋಗಿ ಅವರ ಮನೆ ಜಮಖಾನ ಎತ್ಕೊಂಡು ಬಂದಿದೀರಲ್ಲ!"

"ಮೂರು ಸಲ ಹೇಳಿದ್ರು ಶಾರದ. ನೀನೇ ಕೇಳಿಸ್ಕೊಂಡಿದೀಯ. ಮೂರನೇ ಸಲಾನೂ ಬೇಡ ಅಂದ್ರೆ ಅವರ ಮನಸ್ಸಿಗೆ ಎಷ್ಟು ನೋವಾಗ್ತಿತ್ತು?"

ಮಾರನೆಯ ದಿನ ಅಕ್ಕ ಒಂದು ತಟ್ಟೆ ಮೈಸೂರು ಪಾಕು ಮಾಡಿ ಪಕ್ಕದ ಮನೆಗೆ ಕಳಿಸಿ ಸಮಾಧಾನ ಮಾಡಿಕೊಂಡಳು.

ಮಂಗಳವಾರ ಸಂಜೆ ಬಹ್ಮನ್ ಬಂದ. ಸೋಫಾದ ಮೇಲೆ ಕುಳಿತು ಗಂಬಳಿಯನ್ನು ನೋಡುತ್ತಾ, "ನಿಮ್ಮ ಮನೆಯಲ್ಲಿ ಎಷ್ಟು ಚೆನ್ನಾಗಿ ಒಪ್ಪುತ್ತದೆ," ಅಂದ.

"ಅಲ್ವಾ? ಸೋಫಾಗೂ ಮ್ಯಾಚ್ ಆಯ್ತು," ಅಂದರು ಭಾವ.

ಬುಧವಾರವೂ ಬಂದ, ಗುರುವಾರವೂ ಬಂದ. ಎರಡು ಸಂಜೆಯೂ ಅದೇ ಮಾತನ್ನೇ ಆಡಿ, ಭಾವನ ಮುಖವನ್ನು ಆಸೆಯಿಂದ ನೋಡಿ, ಒಂದು ಚಕ್ಕುಲಿ ತಿಂದು ಎದ್ದುಹೋದ. "ಪಾಪ, ಒಂಟಿತನ. ನಮ್ಮನ್ನ ಬಿಟ್ರೆ ಅವನಿಗೆ ಯಾರಿದಾರೆ?" ಎಂದು ಭಾವ ಮರುಗಿದರು.

ಇಷ್ಟರಲ್ಲಿ ಅವರಿಗೆ ಹೊಸದೊಂದು ಹುಚ್ಚು ಹತ್ತಿತು. ಬಹ್ಮನ್ನನ ಹಾಗೆ ಎದೆಯ ಮೇಲೆ ಕೈಯಿಟ್ಟು, ತಲೆ ಬಾಗಿಸಿ, ‘ನಿಮ್ಮದೇ’ ಅನ್ನುವುದು. ಆ ಭಾನುವಾರ ಲೆಮಾಂಟ್ ದೇವಸ್ಥಾನದ ಸಭಾಂಗಣದಲ್ಲಿ ಕನ್ನಡಿಗರೆಲ್ಲ ಸೇರಿ ಬಸವ ಜಯಂತಿ ಮಾಡಿದಾಗ ಒಬ್ಬರು ಅವರ ಶಾಲು ಹೊಗಳಿದರು. ಭಾವ ‘ನಿಮ್ಮದೇ’ ಅಂದರು. ಇನ್ನೊಬ್ಬರು ಕಾರು ಹೊಗಳಿದರು. ಅದಕ್ಕೂ ‘ನಿಮ್ಮದೇ’. ಮೈಸೂರು, ಬೆಂಗಳೂರಿನ ಜನ, ‘ಅಯ್ಯೋ ಬೇಡಪ್ಪ’ ಅಂದು ನಕ್ಕರು. ಶಾಲು, ಕಾರು ಎರಡೂ ಉಳಿದವು. ಭಾವನಿಗೆ ಇದು ಅಪಾಯವಿಲ್ಲದ ದೊಡ್ಡಸ್ತಿಕೆಯೆಂದು ಧೈರ್ಯ ಬಂತು.

ಆದರೆ ಆ ದಿನ ಊಟಕ್ಕೆ ಅವರ ಮನೆಗೆ ಬಂದವರು ರೇವಣಪ್ಪ.

ರೇವಣಪ್ಪ ಬಾಗಲಕೋಟೆಯವರು. ಮಿಶಿಗನ್ ರಾಜ್ಯದಲ್ಲಿ, ಡೆಟ್ರಾಯಿಟಿನ ಪಕ್ಕದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿದ್ದಾರೆ, ಕಾರಿನ ಬ್ರೇಕು ಮಾಡುವ ಕೆಲಸ. ಕಾರ್ಯಕ್ರಮಕ್ಕೆಂದು ವ್ಯಾನಿನಲ್ಲಿ ಒಬ್ಬರೇ ಬಂದಿದ್ದರು. ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಗಂಬಳಿಯ ಮುಂದೆ ನಿಂತರು.

"ಶೇಷಗಿರಿಯವರ, ಭಾಳ ಛಲೋ ಐತಲ್ರಿ ಇದು!"

ಭಾವ ಎದೆಯ ಮೇಲೆ ಕೈಯಿಟ್ಟರು. ತಲೆ ಬಾಗಿಸಿದರು. "ನಿಮ್ಮದೇ!"

"ಹೌದೇನ್ರಿ? ಕೊಡ್ರಿ ಹಂಗಾರ. ನಮ್ಮನ್ಯಾಗ ಒಂದು ಬೇಕಾಗಿತ್ತು."

ಹೀಗೆಂದು ರೇವಣಪ್ಪ ಬಗ್ಗಿ ಸುತ್ತಲು ಶುರು ಮಾಡಿಯೇಬಿಟ್ಟರು. ಒಂದು ಬೇಡ ಇಲ್ಲ, ಅರ್ಧ ಬೇಡ ಇಲ್ಲ! ಭಾವನ ಕೈ ಎದೆಯ ಮೇಲೆಯೇ ಇತ್ತು, ಆದರೆ ಈಗ ಅದು ಎದೆ ಬಡಿತ ನೋಡಿಕೊಳ್ಳುವವರ ಕೈಯಂತಿತ್ತು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದುಕೊಂಡೇ ನಿಂತಳು.

"ರವಿಯವರ, ಆ ಕಡೆ ಸ್ವಲ್ಪ ಹಿಡೀರಿ," ಅಂದರು ರೇವಣಪ್ಪ. ನಾನು ಹಿಡಿದೆ.

ಗುರುವಾರ ಮಧ್ಯಾಹ್ನ ಗೊಲ್ನಾರ್ ಬಂದಳು. ಕೈಯಲ್ಲಿ ಮದುವೆಯ ಕರೆಯೋಲೆ. ಶನಿವಾರ ಅವರ ಮನೆಯ ಹಿತ್ತಲಿನಲ್ಲೇ ಅವಳ ಮದುವೆ. ಹುಡುಗ ಇಲ್ಲಿಯವನೇ, ಕೆವಿನ್ ಎಂಬ ಬೆಳ್ಳಗಿನ ಸೌಮ್ಯ ಪ್ರಾಣಿ. ಅಕ್ಕ ಕುಂಕುಮ ಹಚ್ಚಿ ಕೂರಿಸಿದಳು. ಅವಳು ಕುಳಿತು ನೆಲ ನೋಡಿದಳು. ಎದ್ದು ಪಕ್ಕದ ಕೋಣೆಯ ನೆಲ ನೋಡಿ ಬಂದಳು.

"ಅಂಕಲ್, ನಾನು ನಮ್ಮಪ್ಪನ ಥರ ಅಲ್ಲ. ನೇರವಾಗಿ ಕೇಳ್ತೀನಿ. ಕಾರ್ಪೆಟ್ ಎಲ್ಲಿ?"

"ಅದು... ಮಿಶಿಗನ್‌ನಲ್ಲಿದೆಯಮ್ಮ."

ಗೊಲ್ನಾರ್ ಕುರ್ಚಿಯ ಬೆನ್ನು ಹಿಡಿದುಕೊಂಡಳು. "ಮಿಶಿಗನ್‌ನಲ್ಲಿ ಅದಕ್ಕೇನು ಕೆಲಸ?"

ಭಾವ ನಡೆದದ್ದನ್ನೆಲ್ಲ ಹೇಳಿದರು. ಹುಡುಗಿ ಒಂದೊಂದು ಮಾತಿಗೂ ಒಂದೊಂದು ಇಂಚು ಕುಸಿಯುತ್ತ ಹೋಗಿ ಕೊನೆಗೆ ನೆಲದ ಮೇಲೆ ಕುಳಿತಳು. ಅಲ್ಲಿಂದಲೇ ಹೇಳಿದಳು: "ಅಂಕಲ್, ನಮ್ಮಲ್ಲಿ ಯಾರಾದ್ರೂ ಏನಾದ್ರೂ ಹೊಗಳಿದ್ರೆ ‘ನಿಮ್ಮದೇ’ ಅನ್ನಬೇಕು. ಅದು ಉಪಚಾರ. ತಾರೋಫ್ ಅಂತೀವಿ. ಕೊಡಕ್ಕೆ ಅಲ್ಲ!"

"ಮೂರು ಸಲ ಹೇಳಿದ್ರಲ್ಲಮ್ಮ!"

"ಮೂರು ಸಲ ಹೇಳೋದೇ ಪದ್ಧತಿ. ಮೂರು ಸಲ ಬೇಡ ಅನ್ನೋದೂ ಪದ್ಧತಿ."

ಭಾವ ಬೆರಳು ಮಡಿಸಿ ಎಣಿಸಿಕೊಂಡರು. ಅವರ ಮುಖದ ಮೇಲೆ ನಿಧಾನವಾಗಿ ಗಾಬರಿ ಹರಡಿತು. "ಒಂದು," ಅಂದರು. "ಒಂದೇ ಒಂದು ಬೇಡ ಕಮ್ಮಿ ಬಿತ್ತು!"

ಒಳಗಿನಿಂದ ಅವರ ಮಗಳು ಇಂಚರ ಬಂದು, "ಅಪ್ಪಾ! ಯು ಟುಕ್ ದೆಯರ್ ಕಾರ್ಪೆಟ್?" ಎಂದು ಕಿರುಚಿದಳು. ಕಾಲೇಜಿಗೆ ಹೋಗುವ ಹುಡುಗಿ. ಅದು ಕೊಂಡು ತಂದದ್ದೆಂದೇ ಅವಳು ಅಂದುಕೊಂಡಿದ್ದಳಂತೆ.

ಆಮೇಲೆ ಗೊಲ್ನಾರ್ ಆ ಗಂಬಳಿಯ ಕಥೆ ಹೇಳಿದಳು. ಅಜ್ಜಿ ಹದಿನೆಂಟರ ಹುಡುಗಿಯಾಗಿದ್ದಾಗ, ಕಾಶಾನ್ ಎಂಬ ಊರಿನಲ್ಲಿ, ತನ್ನ ತಂಗಿಯ ಜೊತೆ ಎರಡು ಚಳಿಗಾಲ ಕುಳಿತು ನೇಯ್ದ ಗಂಬಳಿ ಅದು. ತಂಗಿ ಮುಂದೆ ಹೆಚ್ಚು ದಿನ ಬದುಕಲಿಲ್ಲ. ಅಜ್ಜಿಯ ಮದುವೆ ನಡೆದದ್ದು ಅದರ ಮೇಲೆ, ಬಹ್ಮನ್ನನ ಮದುವೆಯೂ ಅದರ ಮೇಲೆ. ಊರು ಬಿಟ್ಟು ಬರುವಾಗ ಮನೆ, ಪುಸ್ತಕ, ಪಾತ್ರೆ ಎಲ್ಲ ಬಿಟ್ಟರು. ತಂದದ್ದು ಎರಡು ಸೂಟ್‌ಕೇಸು ಮತ್ತು ಇದು. ಶನಿವಾರ ಗೊಲ್ನಾರ್ ಕೂರಬೇಕಾದದ್ದೂ ಇದರ ಮೇಲೆಯೇ.

"ಅಜ್ಜಿ ಮಹಡಿಯಿಂದ ಇಳೀತಿಲ್ಲ ಅಂಕಲ್. ಗಂಬಳಿ ಇಲ್ಲದ ಮದುವೆಗೆ ನಾನು ಬರಲ್ಲ ಅಂತಾಳೆ. ಅಪ್ಪ ನಿಮ್ಮನ್ನ ಕೇಳಲ್ಲ. ಕೊಟ್ಟಿದ್ದನ್ನ ಕೇಳೋದಕ್ಕಿಂತ ಸಾಯೋದು ವಾಸಿ ಅಂತಾನೆ. ನಾನು ಬಂದಿದೀನಿ ಅಂತಲೂ ಅವನಿಗೆ ಗೊತ್ತಿಲ್ಲ."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಗಂಡನ ಕಡೆ ತಿರುಗಿದಳು. ಆ ನೋಟ ಬೈಗುಳಕ್ಕಿಂತ ಭಯಂಕರವಾಗಿತ್ತು.

ಫೋನು ಮಾಡಿ ರೇವಣಪ್ಪನವರನ್ನು ಕೇಳಿಬಿಡಿ ಎಂದು ನಾನು ಹೇಳಿದೆ. "ಕೊಟ್ಟಿದ್ದನ್ನ ಫೋನಲ್ಲಿ ವಾಪಸ್ ಕೇಳೋದಾ? ನಾವೇನು ಮನುಷ್ಯರಾ?" ಎಂದು ಭಾವ ಸಿಡುಕಿದರು. ಫೋನು ಮಾಡಿದರು, ಆದರೆ ‘ನಾಳೆ ಹಾಗೇ ಆ ಕಡೆ ಬರ್ತಿದೀವಿ’ ಎಂದಷ್ಟೇ ಹೇಳಿದರು. ಹಾಗೇ ಹೋಗುವುದಕ್ಕೆ ಮುನ್ನೂರು ಮೈಲಿ!

ಶುಕ್ರವಾರ ಬೆಳಗ್ಗೆ ನನ್ನ ಮಿನಿವ್ಯಾನಿನಲ್ಲಿ ಹೊರಟೆವು. ಅರ್ಧ ದಾರಿಯ ಕಲಮಜೂ ದಾಟುವವರೆಗೂ ಭಾವ ಇಂಗ್ಲಿಷಿನಲ್ಲಿ, ಕನ್ನಡದಲ್ಲಿ, ನಯವಾಗಿ, ಬಳಸಿ, ಸುತ್ತಿ, ಕೇಳುವ ಬಗೆಯನ್ನು ಅಭ್ಯಾಸ ಮಾಡಿದರು. ಮಿಶಿಗನ್ನಿನಲ್ಲಿ ಗಡಿಯಾರ ಒಂದು ಗಂಟೆ ಮುಂದೆ. ಅದೂ ನಮ್ಮ ವಿರುದ್ಧವೇ ನಿಂತಿತು.

ರೇವಣಪ್ಪ ಬಾಗಿಲಲ್ಲೇ ಅಪ್ಪಿಕೊಂಡರು. ನಾವು ಹಾಲ್‌ನಲ್ಲಿ ನೋಡಿದೆವು, ಗಂಬಳಿ ಇಲ್ಲ. ಊಟದ ಕೋಣೆಯಲ್ಲೂ ಇಲ್ಲ. ಹಿಂದಿನ ಗಾಜಿನ ಬಾಗಿಲಿನಾಚೆ ಕಣ್ಣು ಹಾಯಿಸಿದ ಭಾವ ನನ್ನ ತೋಳು ಹಿಡಿದು ಹಿಂಡಿದರು. ಹಿತ್ತಲ ಕಟ್ಟೆಯ ಮೇಲೆ, ಮಧ್ಯಾಹ್ನದ ಬಿಸಿಲಿನಲ್ಲಿ, ಕಾಶಾನಿನ ರತ್ನಗಂಬಳಿ ಹಾಸಿತ್ತು. ಅದರ ತುಂಬ ಬ್ಯಾಡಗಿ ಮೆಣಸಿನಕಾಯಿ ಒಣಹಾಕಿತ್ತು.

"ಊರಿಂದ ತಂದಿದ್ದು, ಸ್ವಲ್ಪ ಥಂಡಿ ಹಿಡಿದಿತ್ರಿ," ಅಂದರು ರೇವಣಪ್ಪ. "ಇದರ ಮ್ಯಾಲೆ ಎಷ್ಟು ಛಲೋ ಒಣಗ್ತಾವ ಅಂತೀರಿ!"

ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಂದವು. ರೇವಣಪ್ಪ ಬೇಕೇ ಎಂದು ಕೇಳಲಿಲ್ಲ, ಬಡಿಸಿದರು. ಭಾವ ತಿನ್ನುತ್ತ, "ಆ ಗಂಬಳಿ ನಿಮ್ಮನೇಲಿ ಎಷ್ಟು ಚೆನ್ನಾಗಿ ಒಪ್ಪತ್ತೆ," ಅಂದರು.

"ಹೌದಲ್ರಿ," ಅಂದರು ರೇವಣಪ್ಪ.

ಸ್ವಲ್ಪ ಹೊತ್ತು ಬಿಟ್ಟು ಭಾವ ಮತ್ತೆ, "ಬಣ್ಣ ನೋಡಿ, ಎಂಥಾ ಬಣ್ಣ," ಅಂದು ಆಸೆಯಿಂದ ಅವರ ಮುಖ ನೋಡಿದರು.

"ಮೆಣಸಿನಕಾಯಿಗೂ ಮ್ಯಾಚ್ ಆತು ನೋಡ್ರಿ."

ಭಾವನ ಕೈಯ ತುತ್ತು ಅಲ್ಲೇ ನಿಂತಿತು. ಮೂರನೆಯ ಸಲ ಹೊಗಳಲು ತೆರೆದ ಬಾಯಿ ತೆರೆದೇ ಇತ್ತು. ಮೂರು ಸಂಜೆ ತಮ್ಮ ಸೋಫಾದ ಮೇಲೆ ಕುಳಿತು ಬಹ್ಮನ್ ಏನು ಕೇಳುತ್ತಿದ್ದ ಎಂಬುದು ಅವರಿಗೆ ಆಗ ಹೊಳೆಯಿತು. ಆ ಪಾಪದ ಮನುಷ್ಯನಿಗೆ ತಾವು ಮೂರು ಚಕ್ಕುಲಿ ಕೊಟ್ಟು ಕಳಿಸಿದ್ದು ನೆನಪಾಯಿತು. ಕಣ್ಣು ಮುಚ್ಚಿಕೊಂಡು, ಜೀವಮಾನದಲ್ಲಿ ಮೊದಲ ಬಾರಿಗೆ, ಒಂದು ವಸ್ತುವನ್ನು ಬಾಯಿಬಿಟ್ಟು ಕೇಳಿದರು.

"ರೇವಣಪ್ಪನವರೇ, ಅದನ್ನ ವಾಪಸ್ ಕೊಡ್ತೀರಾ?"

"ತಗೋರಿ," ಅಂದರು ರೇವಣಪ್ಪ. ಇನ್ನೊಂದು ರೊಟ್ಟಿ ಹಾಕಿದರು. "ಇಷ್ಟು ಕೇಳಾಕ ಮುನ್ನೂರು ಮೈಲಿ ಬಂದು, ಒಂದು ತಾಸಿನಿಂದ ಅದನ್ನ ಹೊಗಳಕೋತ ಕುಂತೀರೇನ್ರಿ?"

ಭಾವ ಮದುವೆಯ ವಿಷಯ ಹೇಳಿದರು. ರೇವಣಪ್ಪ ಅಜ್ಜಿಯ ಕಥೆ ಕೇಳಿ ಎದ್ದೇ ನಿಂತರು. "ಮದವೀ ಗಂಬಳೇನ್ರಿ! ಅಯ್ಯ ಶಿವನ, ನಾ ಅದರ ಮ್ಯಾಲೆ ಮೆಣಸಿನಕಾಯಿ ಹಾಕೀನಲ್ರಿ! ತಡೀರಿ, ನಾನೂ ಬರ್ತೀನಿ." ಕರೆಯೋಲೆಯ ಮಾತನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಸಂಜೆ ಬಿಸಿಲಿರುವಾಗಲೇ ಊರು ಸೇರಿದೆವು. ಅಕ್ಕ ಗಂಬಳಿಗೆ ಎರಡು ಸಲ ವ್ಯಾಕ್ಯೂಮ್ ಹಾಕಿ, ಎರಡು ಸಲವೂ ಸೀನಿ, ಸೋತು ಬಿಟ್ಟಳು. ಗಂಬಳಿ ಹೊತ್ತು ಬಹ್ಮನ್ನನ ಬಾಗಿಲಿಗೆ ಹೋದೆವು. ಅವನು ಬಾಗಿಲು ತೆರೆದು ನಮ್ಮ ಹೆಗಲ ಮೇಲಿದ್ದದ್ದನ್ನು ನೋಡಿ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಬಹ್ಮನ್, ದಯವಿಟ್ಟು ಇದನ್ನ ತಗೊಳ್ಳಿ," ಅಂದರು ಭಾವ.

"ಅಸಾಧ್ಯ ಸ್ವಾಮಿ. ಅದು ನಿಮ್ಮದು."

"ಕೈ ಮುಗೀತೀನಿ, ತಗೊಳ್ಳಿ."

"ಕೊಟ್ಟದ್ದನ್ನು ತೆಗೆದುಕೊಂಡರೆ ನನ್ನ ತಂದೆ ಗೋರಿಯಿಂದ ಎದ್ದು ಬರುತ್ತಾರೆ."

"ನನ್ನಾಣೆ!"

"ಖಂಡಿತ ಆಗದು."

ಭಾವ ನನ್ನ ಮುಖ ನೋಡಿದರು. ಅವರ ಶಾಸ್ತ್ರದಲ್ಲಿ ಮೂರನೆಯ ಬೇಡವೇ ಇರಲಿಲ್ಲ. ಮೂರನೆಯ ಸಲವೂ ಬೇಡವೆಂದ ಮನುಷ್ಯನ ಮುಂದೆ ಏನು ಮಾಡಬೇಕೆಂದು ಸೋದರತ್ತೆ ಹೇಳಿಕೊಟ್ಟಿರಲಿಲ್ಲ. "ಹಾಗಾದ್ರೆ ಸರಿ," ಎಂದು ಅವರು ಸೋತ ದನಿಯಲ್ಲಿ ಹೇಳಿ, ತಿರುಗಿ, ಮೆಟ್ಟಿಲಿಳಿಯಲು ಕಾಲೆತ್ತಿದರು! ಬಹ್ಮನ್ನನ ಗಂಟಲಿನಿಂದ ಒಂದು ವಿಚಿತ್ರ ಸದ್ದು ಹೊರಟಿತು. ನನ್ನ ಹೆಗಲು ಅಲ್ಲಿಗೆ ಮುರಿದುಬೀಳಬೇಕಿತ್ತು.

ಅಷ್ಟರಲ್ಲಿ ರೇವಣಪ್ಪ ಹಿಂದಿನಿಂದ ಬಂದು, ಗಂಬಳಿಯನ್ನು ನಮ್ಮಿಬ್ಬರ ಹೆಗಲಿನಿಂದ ಎಳೆದುಕೊಂಡು, ಬಹ್ಮನ್ನನನ್ನು ಪಕ್ಕಕ್ಕೆ ಸರಿಸಿ ಒಳಗೆ ನಡೆದರು. ಮಹಡಿಯ ಮೆಟ್ಟಿಲ ಮೇಲೆ ಅಜ್ಜಿ ನಿಂತಿದ್ದಳು. ರೇವಣಪ್ಪ ಗಂಬಳಿಯನ್ನು ಅವಳ ಕಾಲಡಿಯಲ್ಲಿ ಬಿಚ್ಚಿ ಹಾಸಿ, ಅಪ್ಪಟ ಬಾಗಲಕೋಟೆ ಕನ್ನಡದಲ್ಲಿ ಹೇಳಿದರು: "ಅಮ್ಮಾರ, ಇದು ನಿಮ್ದ. ತಗೋರಿ."

"ಮೆರ್ಸಿ," ಅಂದಳು ಅಜ್ಜಿ. ಇರಾನಿನವರು ಥ್ಯಾಂಕ್ಸಿಗೆ ಹಾಗನ್ನುತ್ತಾರಂತೆ. ಅಂದು, ಕೊನೆಯ ಮೆಟ್ಟಿಲಿಳಿದು, ಗಂಬಳಿಯ ನಡುವೆ ಕುಳಿತುಬಿಟ್ಟಳು.

ಒಂದೇ ಸಲ! ಬಹ್ಮನ್ ದಿಗ್ಭ್ರಮೆಯಿಂದ "ಅಮ್ಮಾ!" ಎಂದು ಕೂಗಿದ. ಅಜ್ಜಿ ಅಂಚಿನ ಹಕ್ಕಿಗಳ ಮೇಲೆ ಅಂಗೈ ಸವರುತ್ತ ಏನೋ ಹೇಳಿದಳು. ಗೊಲ್ನಾರ್ ಅಳುತ್ತ, ನಗುತ್ತ ನಮಗೆ ತಿಳಿಸಿದಳು. "ಎಂಬತ್ತೆರಡು ವರ್ಷ ತಾರೋಫ್ ಮಾಡಿದೀನಿ, ಇನ್ನು ಸಾಕು ಅಂತಿದಾಳೆ."

ಭಾವ ಬಾಗಿಲಲ್ಲೇ ತಲೆ ತಗ್ಗಿಸಿ ನಿಂತಿದ್ದರು. "ನಾನು ಅನ್ಯಾಯ ಮಾಡ್ದೆ ಬಹ್ಮನ್. ನನಗೆ ಗೊತ್ತಾಗಲಿಲ್ಲ. ಕ್ಷಮಿಸಿ."

ಬಹ್ಮನ್ ಅವರ ಕೈ ಹಿಡಿದ. "ನೀವು ಅದನ್ನು ಹೊತ್ತುಕೊಂಡು ಹೋದಾಗ ನನ್ನ ಜೀವವೇ ಹೋಯಿತು, ಸುಳ್ಳು ಹೇಳುವುದಿಲ್ಲ. ಆದರೆ ಶೇಷಗಿರಿ, ಇಪ್ಪತ್ತೊಂಬತ್ತು ವರ್ಷದಲ್ಲಿ ಈ ದೇಶದಲ್ಲಿ ನನಗೆ ಎರಡನೆಯ ಸಲ ಬೇಡ ಅಂದವರು ನೀವೊಬ್ಬರೇ. ನೀವು ಬೇರೆ ಮನೆಗೆ ಹೋಗಿಬಿಡಬೇಡಿ."

ಶನಿವಾರ ಹಿತ್ತಲಿನಲ್ಲಿ ಮದುವೆ. ಗಂಬಳಿಯ ಮೇಲೆ ಕನ್ನಡಿ, ದೀಪ, ಹೂವು, ಸಕ್ಕರೆ. ಎದುರಿಗೆ ಗೊಲ್ನಾರ್, ಕೆವಿನ್, ಪಕ್ಕದಲ್ಲಿ ಅಜ್ಜಿ. ಒಂದು ಕಡೆ ಇರಾನಿನವರು, ಇನ್ನೊಂದು ಕಡೆ ಕೆವಿನ್ನನ ಅಮೆರಿಕನ್ ಬಂಧುಗಳು, ಕೊನೆಯ ಸಾಲಿನಲ್ಲಿ ನಾವು. ಮದುವೆ ಮಾಡಿಸುವ ಹಿರಿಯರು ವಧುವನ್ನು ಕೇಳಿದರು: ಈ ಹುಡುಗ ನಿನಗೆ ಒಪ್ಪಿಗೆಯೇ?

ಗೊಲ್ನಾರ್ ಮಾತಾಡಲಿಲ್ಲ. ಇರಾನಿನ ಹೆಂಗಸರು ಅವಳ ಪರವಾಗಿ, "ವಧು ಹೂ ಕೀಳಲು ಹೋಗಿದ್ದಾಳೆ!" ಎಂದು ಕೂಗಿದರು.

ರೇವಣಪ್ಪ ಗಾಬರಿಯಿಂದ ಎದ್ದು ನಿಂತರು. "ಹುಡುಗಿಗೆ ಮನಸ್ಸಿಲ್ಲೇನ್ರಿ? ಒತ್ತಾಯ ಮಾಡಬ್ಯಾಡ್ರಿ, ಬಿಡ್ರಿ!"

ಭಾವ ಅವರ ಅಂಗಿ ಹಿಡಿದು ಕೆಳಗೆಳೆದರು. "ಕೂತ್ಕೊ‌ಳ್ಳಿ ರೇವಣಪ್ಪನವರೇ. ಇನ್ನೂ ಎರಡು ಸಲ ಇದೆ."

ಹಿರಿಯರು ಎರಡನೆಯ ಸಲ ಕೇಳಿದರು. ಹುಡುಗಿ ಸುಮ್ಮನಿದ್ದಳು. "ವಧು ಪನ್ನೀರು ತರಲು ಹೋಗಿದ್ದಾಳೆ!" ಮೂರನೆಯ ಸಲ ಕೇಳಿದರು. ಗೊಲ್ನಾರ್ ಬಾಯಿ ತೆರೆದಳು. ಅದೇ ಕ್ಷಣಕ್ಕೆ ಅಜ್ಜಿ ಸೀನಿದಳು.

ಒಂಟಿ ಸೀನು!

ಅಕ್ಕ ನನ್ನ ಮಣಿಕಟ್ಟು ಹಿಡಿದಳು. ಭಾವ ಬಿಳಿಚಿಕೊಂಡರು. ಶುಭಕಾರ್ಯದಲ್ಲಿ ಒಂಟಿ ಸೀನು ಬಂದರೆ ನಮ್ಮ ಮನೆಗಳಲ್ಲಿ ಕಾಲೆತ್ತಿ ಹೊಸಲು ದಾಟುವುದಿಲ್ಲ. ನಾನು ಆಚೆ ನೋಡಿದರೆ ಇರಾನಿನವರ ಕಡೆಯೂ ಎಲ್ಲರೂ ಕಲ್ಲಾಗಿ ಕುಳಿತಿದ್ದರು. ಬಹ್ಮನ್ ಕೈಯೆತ್ತಿ ‘ತಡೆಯಿರಿ’ ಎಂದು ಸನ್ನೆ ಮಾಡಿದ. ಗೊಲ್ನಾರ್ ತೆರೆದ ಬಾಯಿ ಮುಚ್ಚಿದಳು. ಅವರಲ್ಲೂ ಹಾಗೆಯೇ ಎಂದು ನಮಗೆ ಅಲ್ಲಿಯೇ ಗೊತ್ತಾಯಿತು. ಅಮೆರಿಕದವರು ಮಾತ್ರ ಏನೂ ಅರಿಯದೆ, ಸಂತೋಷವಾಗಿ, "ಬ್ಲೆಸ್ ಯೂ!" ಅಂದರು.

ಎಲ್ಲರೂ ಅಜ್ಜಿಯ ಮೂಗನ್ನೇ ನೋಡುತ್ತ ಇನ್ನೊಂದು ಸೀನಿಗಾಗಿ ಕಾದರು. ಬರಲಿಲ್ಲ. ಕೆವಿನ್ನನ ಹಣೆಯಲ್ಲಿ ಬೆವರು ಇಳಿಯಿತು.

"ಒಂದು ಕಮ್ಮಿ ಬಿತ್ತು," ಅಂದರು ಭಾವ ನನ್ನ ಕಿವಿಯಲ್ಲಿ. "ಈ ಸಲ ಬಿಡಲ್ಲ ರವಿ." ಎದ್ದರು. ಎಲ್ಲರೂ ನೋಡುತ್ತಿರುವಂತೆಯೇ ಮುಂದೆ ಹೋಗಿ, ಬಗ್ಗಿ, ಗಂಬಳಿಯ ಅಂಚು ಎತ್ತಿ ಪಟಾರನೆ ಕೊಡವಿದರು.

ಬ್ಯಾಡಗಿ ಮೆಣಸಿನಕಾಯಿ ತನ್ನ ಕೆಲಸ ಮಾಡಿತು. ಅಜ್ಜಿ ಎರಡನೆಯ ಸಲ ಸೀನಿದಳು. ಇರಾನಿನವರು, ಕನ್ನಡಿಗರು ಒಟ್ಟಿಗೆ ‘ಹೋ’ ಎಂದು ಕೂಗಿದರು. ಆಮೇಲೆ ಬಹ್ಮನ್ ಸೀನಿದ, ಹಿರಿಯರು ಸೀನಿದರು, ಅಮೆರಿಕನ್ ಬಂಧುಗಳು ಸಾಲುಸಾಲಾಗಿ ಸೀನಿದರು. ಬ್ಲೆಸ್ ಯೂ ಹೇಳುವುದಕ್ಕೂ ಯಾರೂ ಉಳಿಯಲಿಲ್ಲ. ಆ ಗದ್ದಲದ ನಡುವೆ ಗೊಲ್ನಾರ್ ಕಣ್ಣೀರಿಳಿಸುತ್ತ ‘ಒಪ್ಪಿಗೆ’ ಅಂದಳಂತೆ. ನಾವು ನೋಡಿದ್ದು ಅಜ್ಜಿ ಅವಳ ಹಣೆಗೆ ಮುತ್ತಿಟ್ಟದ್ದನ್ನು ಮಾತ್ರ.

ಊಟವಾದ ಮೇಲೆ ಕೆವಿನ್ ತಟ್ಟೆಯಲ್ಲಿ ಕೇಕು ಹಿಡಿದು ಬಂದ. ಭಾವನ ಮುಂದೆ ನಿಂತ. "ಅಂಕಲ್, ಕೇಕ್?"

"ಬೇಡ," ಅಂದರು ಭಾವ, ಹಳೆಯ ಅಭ್ಯಾಸ.

"ಓಕೆ," ಅಂದ ಕೆವಿನ್. ಮುಂದಿನವರ ಕಡೆ ತಿರುಗಿದ. ಎರಡು ಹೆಜ್ಜೆ ಇಟ್ಟ. ನಿಂತ. ದೂರದಲ್ಲಿ ಗಂಬಳಿಯ ಮೇಲೆ ಕುಳಿತಿದ್ದ ತನ್ನ ಹೆಂಡತಿಯನ್ನು ಒಮ್ಮೆ ನೋಡಿದ. ತಿರುಗಿ ಬಂದ.

"ಅಂಕಲ್, ಸ್ವಲ್ಪ ತಗೊಳ್ಳಿ."

ಭಾವ ಬೆಚ್ಚಿಬಿದ್ದರು. "ಬೇ... ಬೇಡಪ್ಪ," ಅಂದರು.

ಹುಡುಗ ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದದ್ದು ಮುಖದಲ್ಲೇ ಕಾಣುತ್ತಿತ್ತು. ಅವನು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ. "ನನಗೋಸ್ಕರ, ಅಂಕಲ್."

ಭಾವ ತಟ್ಟೆ ತೆಗೆದುಕೊಂಡರು. ಮೊದಲ ತುಂಡು ಬಾಯಿಗಿಟ್ಟು ಮುಂಗೈಯಿಂದ ಕಣ್ಣೊರೆಸಿಕೊಂಡರು. ಅಕ್ಕ ಹತ್ತಿರ ಬಂದು, "ಏನ್ರೀ, ಅಳ್ತಿದೀರಾ?" ಅಂದಳು.

"ಮೆಣಸಿನಕಾಯಿ ಘಾಟು ಶಾರದ," ಅಂದರು ಭಾವ. ತಟ್ಟೆಯನ್ನು ಅವಳ ಕಡೆ ಚಾಚಿದರು. "ನೀನು ತಗೋ."

"ನನಗೆ ಬೇಡ," ಅಂದಳು ಅಕ್ಕ. ಭಾವ ಮತ್ತೆ ಕೇಳಿದರು.